ಬಚ್ಚಲುಮನೆಯಲ್ಲಿ ಕಾಣಬೇಕಾದದ್ದು, ಮದುವೆಯಾದ ಮೇಲೆ ಕಂಡದ್ದು

ಮದುವೆಯಾಗಿ ಮೂರ್ನಾಲ್ಕು ವರ್ಷವಾದರೂ ಮಕ್ಕಳಾಗಲಿಲ್ಲವೆಂದರೆ ಮಲೆನಾಡಿನ ಮನೆಗಳು ಹಿಡಿಯುವ ದಾರಿ ಗೊತ್ತಿರುವುದೇ. ಮೊದಲು ಜಾತಕ ತೆಗೆಸುತ್ತಾರೆ, ಆಮೇಲೆ ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸುತ್ತಾರೆ. ಅಲ್ಲಿಂದ ಬಂದ ಮೇಲೆ ಹೆಂಡತಿಯೊಬ್ಬಳೇ ಶಿವಮೊಗ್ಗದ ಬಸ್ಸು ಹತ್ತುತ್ತಾಳೆ. ಸ್ಕ್ಯಾನು, ಥೈರಾಯ್ಡು, ಗರ್ಭನಾಳಕ್ಕೆ ದ್ರವ ಬಿಟ್ಟು ತೆಗೆಯುವ ನೋವಿನ ಎಕ್ಸ್‌ರೇ, ಎಲ್ಲವೂ ಅವಳಿಗೇ. ಗಂಡನ ವೀರ್ಯ ಪರೀಕ್ಷೆಯಷ್ಟು ಅಗ್ಗದ, ಅಷ್ಟು ಸಲೀಸಾದ ಪರೀಕ್ಷೆ ಈ ಸಾಲಿನಲ್ಲಿ ಬೇರೆ ಇಲ್ಲ. ಆದರೂ ಅದರ ಸರದಿ ಬರುವುದು ಕೊನೆಗೆ. ಆ ವರದಿಯಲ್ಲಿ ವೀರ್ಯಾಣುಗಳು ತೀರ ಕಡಿಮೆ ಅಥವಾ ಇಲ್ಲವೇ ಇಲ್ಲ ಎಂದು ಬಂದು, ಗಂಡ ತಜ್ಞರ ಎದುರು ಕೂತಾಗ ಅವರು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಅವನ ಬಾಲ್ಯದವು. ಹುಟ್ಟಿದಾಗ ಎರಡೂ ಬೀಜ ಕೆಳಗಿಳಿದಿದ್ದವೇ? ಚಿಕ್ಕಂದಿನಲ್ಲಿ ಅಂಡವಾಯುವಿಗೆ ಆಪರೇಷನ್ ಆಗಿತ್ತೇ, ಆಗಿದ್ದರೆ ಯಾವ ಬದಿ, ಎಷ್ಟನೇ ವಯಸ್ಸಿಗೆ? ಹೈಸ್ಕೂಲಿನಲ್ಲಿ ಮಂಗನಬಾವು ಬಂದಿತ್ತೇ? ಮೀಸೆ ಮೂಡಿದ್ದು ಯಾವಾಗ? ಅವನು ಹೊರಗೆ ಬಂದು ಊರಿಗೆ ಫೋನ್ ಮಾಡುತ್ತಾನೆ. ಅಮ್ಮನಿಗೆ ಅರ್ಧ ನೆನಪು, ಅಪ್ಪನಿಗೆ ಅದೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ ಲೆಕ್ಕದಂತೆ, ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಬದುಕಿನ ಯಾವುದೋ ಹಂತದಲ್ಲಿ ಮಕ್ಕಳಾಗುವುದರಲ್ಲಿ ತೊಡಕು ಎದುರಾಗುತ್ತದೆ. ಅಂಥ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ. ಆ ಪಾಲಿನ ಒಂದು ಭಾಗ ಬೀಡಿ, ಕುಡಿತ, ವಯಸ್ಸು, ಸೋಂಕುಗಳಿಂದ ಬಂದದ್ದು; ಇನ್ನೊಂದು ಭಾಗ ಅವನು ತೊಟ್ಟಿಲಲ್ಲಿದ್ದಾಗಲೋ ಶಾಲೆಯಲ್ಲಿದ್ದಾಗಲೋ ಆದದ್ದು. ಈ ಎರಡನೆಯ ಭಾಗವನ್ನು ಇಲ್ಲಿ ಸಮೀಕ್ಷಿಸುತ್ತಿದ್ದೇನೆ. ಮಂಡಗದ್ದೆಯಂಥ ಒಂದು ಹೋಬಳಿಯನ್ನು ಎದುರಿಗಿಟ್ಟುಕೊಂಡು ನೋಡಿದರೆ, ಇದರಲ್ಲಿ ದೊಡ್ಡ ಪಾಲು ಯಂತ್ರವಿಲ್ಲದೆ, ಬರಿಗಣ್ಣಿಗೆ, ಬರಿಗೈಗೆ ಸಿಗುವಂಥದ್ದು ಎಂದು ತಿಳಿಯುತ್ತದೆ. ಸಿಗದಿರುವುದಕ್ಕೆ ಕಾರಣ, ನೋಡುವ ಕೆಲಸವನ್ನು ನಮ್ಮ ವ್ಯವಸ್ಥೆ ಯಾರಿಗೂ ವಹಿಸಿಲ್ಲ.

ಓದುವ ತಾಯ್ತಂದೆಯರು ಗಾಬರಿಯಾಗಬಾರದೆಂದು ಇದನ್ನು ಮೊದಲೇ ಹೇಳುತ್ತೇನೆ: ಕೆಳಗೆ ಬರುವ ತೊಂದರೆಗಳಲ್ಲಿ ಯಾವುದಾದರೂ ಒಂದು ಬಂದುಹೋದ ಹುಡುಗರಲ್ಲಿ ಬಹುಪಾಲು ಮಂದಿ ಮುಂದೆ ತಂದೆಯರಾಗುತ್ತಾರೆ.

ಮೊದಲಿಗೆ, ಇಳಿಯದ ವೃಷಣ. ಗಂಡುಮಗುವಿನ ವೃಷಣಗಳು ಹುಟ್ಟುವುದು ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರ. ಗರ್ಭದ ಕೊನೆಯ ತಿಂಗಳುಗಳಲ್ಲಿ ಅವು ತೊಡೆಸಂದಿನ ಮೂಲಕ ಕೆಳಗಿಳಿದು ಚೀಲಕ್ಕೆ ಬರುತ್ತವೆ. ವೀರ್ಯಾಣು ತಯಾರಾಗಲು ದೇಹದ ಶಾಖಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ತಂಪು ಬೇಕು; ಅದು ಸಿಗುವುದು ಹೊರಗಿನ ಚೀಲದಲ್ಲಿ ಮಾತ್ರ. ದಿನ ತುಂಬಿ ಹುಟ್ಟಿದ ಗಂಡುಮಕ್ಕಳಲ್ಲಿ ನೂರಕ್ಕೆ ಎರಡರಿಂದ ನಾಲ್ಕರಷ್ಟು ಮಕ್ಕಳಿಗೆ ಹುಟ್ಟುವಾಗ ಒಂದು ಅಥವಾ ಎರಡೂ ವೃಷಣ ಇಳಿದಿರುವುದಿಲ್ಲ. ತಿಂಗಳು ತುಂಬದೆ ಹುಟ್ಟಿದವರಲ್ಲಿ ಈ ಪ್ರಮಾಣ ಬಹಳ ಹೆಚ್ಚು. ಮೊದಲ ಕೆಲವು ತಿಂಗಳಲ್ಲಿ ಬಹಳಷ್ಟು ತಾವಾಗಿ ಇಳಿದುಬಿಡುತ್ತವೆ, ವರ್ಷ ತುಂಬುವ ಹೊತ್ತಿಗೆ ನೂರರಲ್ಲಿ ಸುಮಾರು ಒಂದು ಉಳಿಯುತ್ತದೆ. ಆರು ತಿಂಗಳವರೆಗೆ ಇಳಿಯದಿದ್ದದ್ದು ಆಮೇಲೆ ತಾನಾಗಿ ಇಳಿಯುವ ಸಂಭವ ತೀರ ಕಡಿಮೆ.

ಈ ಆರು ತಿಂಗಳ ಗಡಿ ವೈದ್ಯರ ಅನುಕೂಲಕ್ಕೆ ಹಾಕಿದ್ದಲ್ಲ. ಹುಟ್ಟಿದ ಒಂದೆರಡು ತಿಂಗಳಿಗೆ ಗಂಡುಮಗುವಿನ ದೇಹದಲ್ಲಿ ಹಾರ್ಮೋನುಗಳು ಒಮ್ಮೆ ಏರಿ ಇಳಿಯುತ್ತವೆ. ಇದನ್ನು ವೈದ್ಯರು ಪುಟ್ಟ ಪ್ರೌಢಾವಸ್ಥೆ ಎನ್ನುತ್ತಾರೆ. ಮೊದಲ ವರ್ಷದೊಳಗೆ, ಅದೇ ಅಲೆಯ ಬೆನ್ನಲ್ಲಿ, ವೃಷಣದೊಳಗಿನ ಮೂಲ ಜೀವಕೋಶಗಳು ಮುಂದೆ ಜೀವಮಾನವಿಡೀ ವೀರ್ಯಾಣು ಕೊಡಬಲ್ಲ ಕೋಶಗಳಾಗಿ ಬದಲಾಗುತ್ತವೆ. ಶಾಖದಲ್ಲಿ ಕೂತ ವೃಷಣದಲ್ಲಿ ಈ ಬದಲಾವಣೆ ಸರಿಯಾಗಿ ಆಗುವುದಿಲ್ಲ, ವರ್ಷ ಕಳೆದಂತೆ ಕೋಶಗಳ ಸಂಖ್ಯೆಯೂ ಇಳಿಯುತ್ತದೆ. ಹಾಗಾಗಿ ಯುರೋಪಿನ ತಜ್ಞರು ವರ್ಷದೊಳಗೆ, ತಡವೆಂದರೆ ಹದಿನೆಂಟು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಆಗಬೇಕು ಎನ್ನುತ್ತಾರೆ. ಅಮೆರಿಕದ ಮೂತ್ರರೋಗ ತಜ್ಞರ ಸಂಘದ 2014ರ ಸೂಚನೆಯೂ ಹದಿನೆಂಟು ತಿಂಗಳೇ. ಸ್ವೀಡನ್‌ನಲ್ಲಿ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಒಂಬತ್ತು ತಿಂಗಳಿಗೆ, ಇನ್ನೊಂದಕ್ಕೆ ಮೂರು ವರ್ಷಕ್ಕೆ ಶಸ್ತ್ರಚಿಕಿತ್ಸೆ ಮಾಡಿ ನೋಡಿದರು. ಬೇಗ ಮಾಡಿಸಿಕೊಂಡ ಮಕ್ಕಳ ವೃಷಣ ಚೆನ್ನಾಗಿ ಬೆಳೆಯಿತು.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಪಿಟ್ಸ್‌ಬರ್ಗ್‌ನ ಅಧ್ಯಯನವನ್ನು ಎಲ್ಲರೂ ಉದ್ಧರಿಸುತ್ತಾರೆ. ಬಾಲ್ಯದಲ್ಲಿ ಈ ಶಸ್ತ್ರಚಿಕಿತ್ಸೆ ಆಗಿ, ಬೆಳೆದ ಮೇಲೆ ಮಕ್ಕಳು ಬೇಕೆಂದು ಬಯಸಿದ ಗಂಡಸರನ್ನು ವಿಚಾರಿಸಿದಾಗ, ಒಂದೇ ಬದಿ ಇಳಿಯದಿದ್ದವರಲ್ಲಿ ನೂರಕ್ಕೆ 90 ಮಂದಿ ತಂದೆಯರಾಗಿದ್ದರು. ತೊಂದರೆಯೇ ಇಲ್ಲದವರ ಗುಂಪಿನಲ್ಲಿ ಈ ಸಂಖ್ಯೆ 93. ವ್ಯತ್ಯಾಸ ಇಲ್ಲವೆನ್ನುವಷ್ಟು. ಆದರೆ ಎರಡೂ ಬದಿ ಇಳಿಯದಿದ್ದವರಲ್ಲಿ 65. ಅವರಿಗೆಲ್ಲ ಶಸ್ತ್ರಚಿಕಿತ್ಸೆ ಆದದ್ದು ಈಗಿನ ಸೂಚನೆಗಳಿಗಿಂತ ಬಹಳ ತಡವಾಗಿ ಮಾಡುತ್ತಿದ್ದ ಕಾಲದಲ್ಲಿ ಎಂಬುದನ್ನೂ ಸೇರಿಸಿ ಓದಬೇಕು. ಕ್ಯಾನ್ಸರಿನ ಲೆಕ್ಕವೂ ವಯಸ್ಸಿಗೇ ಬಂದು ನಿಲ್ಲುತ್ತದೆ. ಸ್ವೀಡನ್ನಿನ ಸುಮಾರು 17,000 ಗಂಡಸರನ್ನು ಹಿಂಬಾಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹದಿಮೂರು ವಯಸ್ಸಿನೊಳಗೆ ಶಸ್ತ್ರಚಿಕಿತ್ಸೆ ಆದವರಿಗೆ ವೃಷಣದ ಕ್ಯಾನ್ಸರಿನ ಅಪಾಯ ಸಾಮಾನ್ಯರ ಎರಡು ಪಟ್ಟಿಗಿಂತ ತುಸು ಹೆಚ್ಚು, ಆಮೇಲೆ ಆದವರಿಗೆ ಐದು ಪಟ್ಟು ಮೀರಿತ್ತು.

ಈಗ ಮಂಡಗದ್ದೆಗೆ ಬರೋಣ. ಹೊರಗಿನವರಿಗೆ ಇದು ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವ ಪಕ್ಷಿಧಾಮ. ಇಲ್ಲಿಯವರಿಗೆ ತೀರ್ಥಹಳ್ಳಿ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ, ಸುತ್ತಲ ಅಡಿಕೆ ತೋಟದ ಒಂಟಿಮನೆಗಳಿಗೆ ಪೇಟೆ. ಇಲ್ಲಿ ನೂರು ಗಂಡುಮಕ್ಕಳು ಹುಟ್ಟಿದರೆ ಅವರಲ್ಲಿ ಒಬ್ಬನಿಗೆ ವರ್ಷ ತುಂಬಿದಾಗ ಶಸ್ತ್ರಚಿಕಿತ್ಸೆ ಬೇಕಾಗಿರುತ್ತದೆ ಎಂದುಕೊಳ್ಳಿ. ಅವನನ್ನು ಯಾರು ಗುರುತಿಸಬೇಕು? ಆಶಾ ಕಾರ್ಯಕರ್ತೆ ಹೆರಿಗೆಯಾದ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗುತ್ತಾಳೆ. ಆಮೇಲೆ 3, 6, 9, 12, 15ನೇ ತಿಂಗಳಿಗೂ ಭೇಟಿಗಳಿವೆ. ಶಸ್ತ್ರಚಿಕಿತ್ಸೆಯ ಗಡುವಿಗೆ ಹೊಂದಿಸಿಟ್ಟಂತಿರುವ ದಿನಗಳಿವು. ಆದರೆ ಆ ಭೇಟಿಗಳಲ್ಲಿ ತೂಕ, ಎದೆಹಾಲು, ಪೂರಕ ಆಹಾರ, ಲಸಿಕೆ, ಕಬ್ಬಿಣದ ಸಿರಪ್ಪು ಇವುಗಳದ್ದೇ ಮಾತು. ಇನ್ನು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವಿದೆ. 2013ರಲ್ಲಿ ಶುರುವಾದ ಈ ಯೋಜನೆ ಚೆನ್ನಾದದ್ದು; ಸೀಳುತುಟಿ, ವಕ್ರಪಾದ, ಹುಟ್ಟು ಹೃದ್ರೋಗದ ಎಷ್ಟೋ ಮಕ್ಕಳು ಇದರಿಂದ ಶಸ್ತ್ರಚಿಕಿತ್ಸೆ ಕಂಡಿದ್ದಾರೆ. ಯೋಜನೆ ಹುಡುಕಲು ಹೇಳುವ ಹುಟ್ಟುದೋಷಗಳು ಒಂಬತ್ತು: ಬೆನ್ನುಹುರಿ ಕೊಳವೆಯ ದೋಷ, ಡೌನ್ ಸಿಂಡ್ರೋಮ್, ಸೀಳುತುಟಿ–ಅಂಗುಳ, ವಕ್ರಪಾದ, ಸೊಂಟದ ಕೀಲಿನ ದೋಷ, ಹುಟ್ಟು ಕಣ್ಣಿನಪೊರೆ, ಕಿವುಡು, ಹೃದಯದ ದೋಷ, ಅವಧಿಪೂರ್ವ ಶಿಶುವಿನ ಅಕ್ಷಿಪಟಲದ ತೊಂದರೆ. ಇಳಿಯದ ವೃಷಣ ಈ ಪಟ್ಟಿಯಲ್ಲಿ ಇಲ್ಲ. ಗಂಡುಮಕ್ಕಳ ಜನನಾಂಗದ ಅತಿ ಸಾಮಾನ್ಯ ಹುಟ್ಟುದೋಷ ಇದು, ಪಟ್ಟಿಯಲ್ಲಿರುವ ಕೆಲವಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕಾಣುವಂಥದ್ದು. ಶಾಲಾ ತಪಾಸಣೆಯ ವೈದ್ಯರು ಹಲ್ಲು ನೋಡುತ್ತಾರೆ, ಕಣ್ಣು ನೋಡುತ್ತಾರೆ, ಚಡ್ಡಿ ಬಿಚ್ಚಿಸುವುದಿಲ್ಲ. ತರಗತಿಯ ನಡುವೆ ಬಿಚ್ಚಿಸಲೂಬಾರದು. ಶಾಲೆಗೆ ಬರುವ ಹೊತ್ತಿಗೆ ಹೇಗೂ ಗಡುವು ಮೀರಿರುತ್ತದೆ. ಅದಕ್ಕೇ ಭಾರತದ ಆಸ್ಪತ್ರೆಗಳಿಂದ ಬರುವ ವರದಿಗಳಲ್ಲಿ ಈ ಶಸ್ತ್ರಚಿಕಿತ್ಸೆಗೆ ನಾಲ್ಕೈದು ವರ್ಷದವರು, ಹತ್ತು ದಾಟಿದವರು, ಕೆಲವೊಮ್ಮೆ ಮದುವೆಯಾದವರು ಕೂಡ ಸಾಲಿನಲ್ಲಿರುತ್ತಾರೆ.

ನನಗೆ ತೋಚುವ ಉತ್ತರ ನಮ್ಮ ಬಚ್ಚಲಲ್ಲಿದೆ. ಮಲೆನಾಡಿನ ಬಾಣಂತನದಲ್ಲಿ ಹಸುಗೂಸಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು, ಹಂಡೆಯ ಬಿಸಿನೀರು ಹಾಕುವವರು ಒಬ್ಬರಿರುತ್ತಾರೆ. ಅಜ್ಜಿಯಿರಬಹುದು, ಅದಕ್ಕೆಂದೇ ಬರುವ ಊರಿನ ಹೆಂಗಸಿರಬಹುದು. ಮಗುವನ್ನು ದಿನವೂ ಬರಿಮೈಯಲ್ಲಿ, ಬಿಸಿನೀರಿನಲ್ಲಿ ನೋಡುವವರು ಅವರೊಬ್ಬರೇ. ವೃಷಣ ಪರೀಕ್ಷೆಗೆ ವೈದ್ಯರು ಬಯಸುವ ಸ್ಥಿತಿಯೂ ಇದೇ. ಚಳಿಗೆ, ಹೆದರಿಕೆಗೆ, ತಣ್ಣನೆಯ ಕೈಗೆ ಅಲ್ಲಿಯ ಸ್ನಾಯು ಮುದುಡಿ ವೃಷಣವನ್ನು ಮೇಲಕ್ಕೆಳೆಯುತ್ತದೆ. ಬೆಚ್ಚಗಿದ್ದಾಗ ಸಡಿಲಾಗಿ ಕೆಳಗೆ ಬಿಡುತ್ತದೆ. ಬಿಸಿನೀರಿನಲ್ಲಿ ಕೆಳಗೆ ಕಂಡು, ಚಳಿಯಲ್ಲಿ ಮೇಲೆ ಸರಿಯುವುದು ರೋಗವಲ್ಲ, ಓಡಾಡುವ ವೃಷಣ; ಅದಕ್ಕೆ ಶಸ್ತ್ರಚಿಕಿತ್ಸೆ ಬೇಡ, ವರ್ಷಕ್ಕೊಮ್ಮೆ ನೋಡಿದರೆ ಸಾಕು. ಬಿಸಿನೀರಿನಲ್ಲೂ ಚೀಲ ಖಾಲಿಯಿದ್ದರೆ ಅದನ್ನು ಯಾರಿಗಾದರೂ ಹೇಳಬೇಕು. ನೀರು ಹಾಕುವವರಿಗೆ ಈ ಒಂದು ಮಾತು ಮುಟ್ಟಿಸುವುದು ಕಷ್ಟವೇನಲ್ಲ. ಜೊತೆಗೆ ಎಣ್ಣೆ ತಿಕ್ಕಿ ಕೆಳಗೆ ತರುತ್ತೇನೆಂದು ಒತ್ತುವುದು, ಎಳೆಯುವುದು ಬೇಡ ಎಂದೂ ಹೇಳಬೇಕು. ಹಾರ್ಮೋನು ಚುಚ್ಚುಮದ್ದಿನಿಂದ ಇಳಿಸುವ ಪದ್ಧತಿಯನ್ನು ಈಗಿನ ಸೂಚನೆಗಳು ಬಿಟ್ಟಿವೆ.

ಆದರೆ ಹುಟ್ಟಿದಾಗ ಎರಡೂ ಬದಿ ಕೈಗೆ ಸಿಗದಿದ್ದರೆ ಆರು ತಿಂಗಳು ಕಾಯುವಂತಿಲ್ಲ, ಮೂತ್ರದ್ವಾರವೂ ಕೆಳಗಡೆ ಇದ್ದರಂತೂ ಕಾಯಲೇಬಾರದು. ಅದು ಅಡ್ರಿನಲ್ ಗ್ರಂಥಿಯ ಹುಟ್ಟುದೋಷವಿರುವ ಹೆಣ್ಣುಮಗುವೂ ಆಗಿರಬಹುದು. ಎರಡು ಮೂರು ವಾರದೊಳಗೆ ಉಪ್ಪಿನಂಶ ಕಳೆದುಕೊಂಡು ಜೀವಕ್ಕೇ ಕುತ್ತು ಬರಬಹುದು. ಇಂಥ ಮಗುವನ್ನು ಆ ವಾರವೇ ಶಿವಮೊಗ್ಗದ ಸರ್ಕಾರಿ ಆಸ್ಪತ್ರೆ ಮೆಗ್ಗಾನ್‌ಗೋ ಮಣಿಪಾಲಕ್ಕೋ ಕರೆದೊಯ್ಯಬೇಕು.

ಯಾಕೆ ಇಳಿಯುವುದಿಲ್ಲ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅವಧಿಪೂರ್ವ ಹೆರಿಗೆ, ಕಡಿಮೆ ತೂಕ, ವಂಶವಾಹಿ ಕಾರಣಗಳು ಸೇರಿರುತ್ತವೆ. ಡೆನ್ಮಾರ್ಕ್ ಮತ್ತು ಫಿನ್ಲೆಂಡ್ ಹತ್ತಿರದ ದೇಶಗಳು; ಆದರೆ 2004ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಹುಟ್ಟುವಾಗ ಈ ತೊಂದರೆ ಇದ್ದ ಮಕ್ಕಳು ಡೆನ್ಮಾರ್ಕಿನಲ್ಲಿ ನೂರಕ್ಕೆ 9, ಫಿನ್ಲೆಂಡಿನಲ್ಲಿ 2.4. ಡೆನ್ಮಾರ್ಕಿನ ನೀಲ್ಸ್ ಸ್ಕಾಕೆಬೆಕ್ ಅವರು 2001ರಲ್ಲಿ ಮುಂದಿಟ್ಟ ವಾದದಂತೆ, ಇಳಿಯದ ವೃಷಣ, ತಪ್ಪಿದ ಮೂತ್ರದ್ವಾರ, ಕಡಿಮೆ ವೀರ್ಯಾಣು, ವೃಷಣದ ಕ್ಯಾನ್ಸರ್ ಈ ನಾಲ್ಕೂ ಗರ್ಭದಲ್ಲೇ ವೃಷಣದ ಬೆಳವಣಿಗೆ ಕೆಟ್ಟದ್ದರ ಬೇರೆ ಬೇರೆ ಮುಖಗಳು. ಹಾರ್ಮೋನುಗಳನ್ನು ಕಲಕುವ ರಾಸಾಯನಿಕಗಳಿಗೂ ಇದರಲ್ಲಿ ಪಾಲಿರಬಹುದು. ವಾದ ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ.

ಈ ವಾದದ ಒಂದು ಪುರಾವೆಯನ್ನು ಒದಗಿಸಿದ್ದು ಕನ್ನಡದವರದ್ದೇ ಒಂದು ಊರು. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ. ಅಲ್ಲಿನ ಗುಡ್ಡಗಳ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರುತೋಟಗಳು. ಬುಡದಲ್ಲಿ ಅಡಿಕೆ ತೋಟ, ಸುರಂಗದ ನೀರು, ಮನೆಗಳು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದು ಈ ಗುಡ್ಡಗಳ ಮೇಲೇ. ಊರಲ್ಲಿ ವಿಚಿತ್ರ ಕಾಯಿಲೆಗಳು ಹೆಚ್ಚುತ್ತಿವೆ ಎಂದು ಮೊದಲು ಗುರುತಿಸಿ ಬರೆದವರು ಅಲ್ಲಿಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್, ಅದನ್ನು ಊರಾಚೆ ಒಯ್ದವರಲ್ಲಿ ಪತ್ರಕರ್ತ ಶ್ರೀಪಡ್ರೆ ಮುಖ್ಯರು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಹಬೀಬುಲ್ಲಾ ಸಯ್ಯದ್ ಮತ್ತವರ ತಂಡ ಅಲ್ಲಿಗೆ ಬಂತು. 10ರಿಂದ 19 ವರ್ಷದ 117 ಶಾಲಾ ಹುಡುಗರನ್ನೂ, ಸಿಂಪಡಣೆಯಿಲ್ಲದ ಬೇರೆ ಊರಿನ 90 ಹುಡುಗರನ್ನೂ ಪರೀಕ್ಷಿಸಿ, 2003ರಲ್ಲಿ ಫಲಿತಾಂಶ ಪ್ರಕಟಿಸಿತು. ಎಂಡೋಸಲ್ಫಾನ್ ಸಿಂಪಡಣೆಗೆ ಒಡ್ಡಿಕೊಂಡ ಹುಡುಗರ ಪ್ರೌಢತೆಯ ಬೆಳವಣಿಗೆ ಹಿಂದುಳಿದಿತ್ತು. ಟೆಸ್ಟೋಸ್ಟೆರಾನ್ ಕಡಿಮೆಯಿತ್ತು, ವೃಷಣವನ್ನು ಕೆಲಸಕ್ಕೆ ಎಬ್ಬಿಸಲು ಮೆದುಳು ಕಳಿಸುವ ಎಲ್‌ಎಚ್ ಹಾರ್ಮೋನು ಹೆಚ್ಚಿತ್ತು. ಅಂದರೆ ಮೇಲಿನಿಂದ ಕೂಗು ಜೋರಾಗಿದ್ದರೂ ಕೆಳಗಿನ ಉತ್ತರ ಕ್ಷೀಣ. ಇಳಿಯದ ವೃಷಣ, ಹೈಡ್ರೋಸೀಲ್, ಹುಟ್ಟು ಅಂಡವಾಯು ಮೂರೂ ಸೇರಿ ಪಡ್ರೆಯ ಹುಡುಗರಲ್ಲಿ ನೂರಕ್ಕೆ 5.1, ಇನ್ನೊಂದು ಊರಿನಲ್ಲಿ 1.1.

ಈ ಕೊನೆಯ ಅಂಕಿಯನ್ನು ಭಾಷಣಗಳಲ್ಲಿ ಉದ್ಧರಿಸುವವರು ಬಿಟ್ಟುಬಿಡುವ ಮಾತೊಂದು ಆ ಪ್ರಬಂಧದಲ್ಲೇ ಇದೆ. ಪರೀಕ್ಷಿಸಿದ ಹುಡುಗರ ಸಂಖ್ಯೆ ಸಣ್ಣದಾದ್ದರಿಂದ ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಒರೆಗೆ ನಿಲ್ಲಲಿಲ್ಲ. ಹಾರ್ಮೋನುಗಳ ಫಲಿತಾಂಶ ನಿಂತಿತು. ಆ ಹುಡುಗರು ಮುಂದೆ ತಂದೆಯರಾದರೇ ಎಂಬುದು ಅಧ್ಯಯನದ ವ್ಯಾಪ್ತಿಯಲ್ಲೇ ಇರಲಿಲ್ಲ. ಪ್ರಬಂಧದ ಮೇಲೆ ಟೀಕೆ, ಉತ್ತರಗಳೂ ನಡೆದವು. 2011ರ ಏಪ್ರಿಲ್‌ನಲ್ಲಿ ಎಂಡೋಸಲ್ಫಾನ್ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿತು, ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು. ದಕ್ಷಿಣ ಕನ್ನಡದ ಗೇರುತೋಟಗಳ ಸುತ್ತಲಿನ ಊರುಗಳ ಕತೆಯೂ ಇಂಥದ್ದೇ. ಪಡ್ರೆಯ ಆ ಹುಡುಗರಿಗೆ ಈಗ ಮೂವತ್ತು ನಲವತ್ತರ ಪ್ರಾಯ. ನಷ್ಟಪರಿಹಾರದ ಪಟ್ಟಿಗಳಲ್ಲಿ ಅಂಗವೈಕಲ್ಯಕ್ಕೆ ಲೆಕ್ಕವಿದೆ, ಈ ಬಗೆಯ ನಷ್ಟಕ್ಕೆ ಕಾಲಮ್ಮು ಇಲ್ಲ.

ಇದನ್ನು ಓದಿದ ತೀರ್ಥಹಳ್ಳಿ, ಹೊಸನಗರ ಕಡೆಯ ಅಡಿಕೆ ಬೆಳೆಗಾರರು ಬೋರ್ಡೋ ದ್ರಾವಣದ ಬಗ್ಗೆ ಕೇಳುವುದು ಸಹಜ. ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕಾಲದಿಂದ ಕೊಳೆರೋಗಕ್ಕೆ ಹೊಡೆಯುತ್ತ ಬಂದ ಮೈಲುತುತ್ತ–ಸುಣ್ಣದ ಮೇಲೆ ಇಂಥ ಆರೋಪವಿಲ್ಲ. ಎಂಡೋಸಲ್ಫಾನ್ ಬೇರೆಯೇ ಜಾತಿಯ ರಾಸಾಯನಿಕ. ಆದರೆ ಯಾವ ಕೀಟನಾಶಕವೇ ಆಗಲಿ, ಬಸುರಿ ಇರುವ ಮನೆಯಲ್ಲಿ ಅದರ ಡಬ್ಬಿಯನ್ನು ತೊಳೆದು ಅಡುಗೆಮನೆಗೆ ತರಬಾರದು.

ಹುಡುಗ ದೊಡ್ಡವನಾಗುತ್ತಿದ್ದಂತೆ ಗಡುವುಗಳು ತಿಂಗಳಿಂದ ಗಂಟೆಗೆ ಇಳಿಯುತ್ತವೆ. ವೃಷಣ ತನ್ನ ನರದ ಸುತ್ತ ತಿರುಚಿಕೊಂಡು ರಕ್ತ ನಿಂತುಹೋಗುವ ಸ್ಥಿತಿ ಹೆಚ್ಚಾಗಿ ಕಾಣುವುದು ಹನ್ನೆರಡರಿಂದ ಹದಿನೆಂಟರ ಹುಡುಗರಲ್ಲಿ. ಕೆಲವರಲ್ಲಿ ವೃಷಣ ಚೀಲದ ಗೋಡೆಗೆ ಸರಿಯಾಗಿ ಅಂಟಿರದೆ ಗಂಟೆಯ ನಾಲಿಗೆಯಂತೆ ತೂಗಾಡುತ್ತಿರುತ್ತದೆ. ಆಟದಲ್ಲೋ ನಿದ್ದೆಯಲ್ಲೋ ಒಮ್ಮೆ ಸುತ್ತಿಕೊಂಡುಬಿಡುತ್ತದೆ. ಥಟ್ಟನೆ ಶುರುವಾಗುವ ನೋವು, ವಾಂತಿ. ಆರು ಗಂಟೆಯೊಳಗೆ ಬಿಡಿಸಿದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ವೃಷಣ ಉಳಿಯುತ್ತದೆ. ಹನ್ನೆರಡು ಗಂಟೆಗೆ ಅದು ಅರ್ಧಕ್ಕೆ ಇಳಿಯುತ್ತದೆ, ಒಂದು ದಿನ ಕಳೆದರೆ ಹತ್ತಕ್ಕಿಂತ ಕಡಿಮೆ.

ಮಂಡಗದ್ದೆಯಿಂದ ಶಿವಮೊಗ್ಗಕ್ಕೂ ತೀರ್ಥಹಳ್ಳಿಗೂ ಹೆಚ್ಚುಕಡಿಮೆ ಒಂದೇ ದೂರ, ಮೂವತ್ತು ಕಿಲೋಮೀಟರ್. ರಸ್ತೆ ಲೆಕ್ಕದಲ್ಲಿ ಇದು ಒಂದು ಗಂಟೆಯೊಳಗಿನ ಪ್ರಯಾಣ. ಆದರೂ ಹುಡುಗರು ತಡವಾಗಿ ತಲುಪುತ್ತಾರೆ, ಯಾಕೆಂದರೆ ಆರು ಗಂಟೆ ಖರ್ಚಾಗುವುದು ಮನೆಯಲ್ಲಿ. ಹದಿನಾಲ್ಕರ ಹುಡುಗ ಅಮ್ಮನಿಗೆ ಹೊಟ್ಟೆನೋವು ಎನ್ನುತ್ತಾನೆ, ಎಲ್ಲಿ ಎಂದು ಹೇಳುವುದಿಲ್ಲ. ಅಮ್ಮ ಓಮದ ಕಷಾಯ ಕೊಡುತ್ತಾಳೆ. ಹಾಸ್ಟೆಲ್ಲಿನಲ್ಲಿದ್ದರೆ ವಾರ್ಡನ್‌ಗೆ ಬೆಳಗಿನವರೆಗೆ ಗೊತ್ತಾಗುವುದಿಲ್ಲ. ಬೆಳಿಗ್ಗೆ ಕಂಡರೂ ಚೆಂಡು ಬಡಿದಿರಬೇಕು ಎಂದು ಮುಲಾಮು. ಕೆಳಹೊಟ್ಟೆ ನೋವೆನ್ನುವ ಹುಡುಗನನ್ನು ಬೇರೆ ಕರೆದು ಕೆಳಗೂ ನೋವಿದೆಯೇ ಎಂದು ನೇರವಾಗಿ ಕೇಳುವ ಒಬ್ಬ ಗಂಡಸು ಪ್ರತಿ ಹಾಸ್ಟೆಲ್ಲಿನಲ್ಲಿ, ಪ್ರತಿ ಮನೆಯಲ್ಲಿ ಇರಬೇಕು. ಊರಿನಿಂದ ಹೊರಡುವಾಗಲೇ ಶಸ್ತ್ರಚಿಕಿತ್ಸಕರು, ಅರಿವಳಿಕೆ ವೈದ್ಯರು ಇಬ್ಬರೂ ಇರುವ ಆಸ್ಪತ್ರೆ ಯಾವುದೆಂದು ಫೋನಿನಲ್ಲಿ ಖಚಿತಮಾಡಿಕೊಳ್ಳುವುದು, ಸ್ಕ್ಯಾನಿಂಗ್ ಸೆಂಟರ್ ತೆರೆಯುವವರೆಗೆ ಕಾಯದಿರುವುದು, ಹುಡುಗನಿಗೆ ಏನೂ ತಿನ್ನಿಸದಿರುವುದು. ಇಷ್ಟು ಗೊತ್ತಿದ್ದರೆ ಮಂಡಗದ್ದೆ ದೂರದ ಊರಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಇನ್ನೊಂದು ಬದಿಯನ್ನೂ ಹೊಲಿದು ನಿಲ್ಲಿಸುತ್ತಾರೆ. ಒಂದು ಹೋದರೂ ಉಳಿದದ್ದು ಸರಿಯಿದ್ದರೆ ತಂದೆಯಾಗಲು ಸಾಮಾನ್ಯವಾಗಿ ಅಷ್ಟು ಸಾಕು.

ಮಂಗನಬಾವಿನ ಭಯ ಇದಕ್ಕೆ ಹೋಲಿಸಿದರೆ ಇರಬೇಕಾದ್ದಕ್ಕಿಂತ ದೊಡ್ಡದು. (ಶಿವಮೊಗ್ಗದವರಿಗೆ ಹೇಳಲೇಬೇಕು: 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ.) ಕೆನ್ನೆ ಊದುವ ಈ ಸೋಂಕು ಚಿಕ್ಕ ಹುಡುಗರ ವೃಷಣವನ್ನು ಮುಟ್ಟುವುದು ಅಪರೂಪ. ಪ್ರೌಢಾವಸ್ಥೆ ದಾಟಿದವರಿಗೆ ಬಂದರೆ ಲಸಿಕೆ ಹಾಕಿಸಿಕೊಳ್ಳದವರಲ್ಲಿ ನೂರಕ್ಕೆ 15ರಿಂದ 30ರಷ್ಟು ಮಂದಿಗೆ ವೃಷಣ ಊದುತ್ತದೆ. ಹೆಚ್ಚಿನವರಿಗೆ ಒಂದೇ ಬದಿ. ಊದಿದವುಗಳಲ್ಲಿ ಅರ್ಧದವರೆಗೆ ಮುಂದೆ ಸ್ವಲ್ಪ ಕುಗ್ಗಬಹುದು. ಪೂರ್ತಿ ಬಂಜೆತನ ವಿರಳ. ಆದರೆ ತಡೆಯಲು ಲಸಿಕೆ ಇರುವಾಗ ಸರ್ಕಾರ ಕೊಡುವುದು ದಡಾರ–ರುಬೆಲ್ಲಾ ಎರಡರದ್ದು ಮಾತ್ರ. 2017ರ ಫೆಬ್ರುವರಿಯಲ್ಲಿ ಅದು ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮೂರನೆಯದಾದ ಮಂಗನಬಾವು ಸೇರಿದ ಎಂಎಂಆರ್ ಬೇಕೆಂದರೆ ಖಾಸಗಿಯಲ್ಲಿ ದುಡ್ಡು ಕೊಟ್ಟು ಹಾಕಿಸಬೇಕು. ನೆರೆಯ ಕೇರಳದಲ್ಲಿ 2024ರ ಆರಂಭದಲ್ಲಿ ಸಾವಿರಾರು ಮಕ್ಕಳಿಗೆ ಮಂಗನಬಾವು ಬಂತು. ಮಕ್ಕಳ ತಜ್ಞರ ಸಂಘ ಎಂಎಂಆರ್ ಬೇಕೆಂದು ಹೇಳುತ್ತಲೇ ಇದೆ. ನನ್ನ ಅಭಿಪ್ರಾಯವೂ ಅದೇ.

ಇನ್ನು ಕೆಲವನ್ನು ಬೇಗ ದಾಟಬಹುದು. ಎಳೆ ಮಗುವಿನ ಚೀಲದಲ್ಲಿ ನೀರು ತುಂಬಿದ್ದು ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ಇಂಗುತ್ತದೆ. ಅಂಡವಾಯು ಇಂಗುವುದಿಲ್ಲ, ಅದಕ್ಕೆ ಬೇಗ ಶಸ್ತ್ರಚಿಕಿತ್ಸೆ ಬೇಕು, ಮಾಡುವವರಿಗೆ ಮಕ್ಕಳ ಶಸ್ತ್ರಚಿಕಿತ್ಸೆಯ ಅನುಭವವಿರಬೇಕು, ಯಾಕೆಂದರೆ ಅದರ ಚೀಲಕ್ಕೆ ಅಂಟಿಕೊಂಡೇ ವೀರ್ಯನಾಳ ಹಾದುಹೋಗುತ್ತದೆ. ಹದಿಹರೆಯದಲ್ಲಿ ಎಡಗಡೆ ನರಗಳು ಹುಳದ ಗಂಟಿನ ಹಾಗೆ ಉಬ್ಬುವ ವೆರಿಕೋಸೀಲ್ ನೂರು ಗಂಡಸರಲ್ಲಿ ಹದಿನೈದು ಮಂದಿಗಿದೆ, ಅವರಲ್ಲಿ ಹೆಚ್ಚಿನವರು ತೊಂದರೆಯಿಲ್ಲದೆ ತಂದೆಯರಾಗುತ್ತಾರೆ. ಆ ಬದಿಯ ವೃಷಣ ಸಣ್ಣದಾಗುತ್ತಿದ್ದರೆ ಚಿಕಿತ್ಸೆಯ ಮಾತು ಬರುತ್ತದೆ. ಪ್ಲಾಸ್ಟಿಕ್ ಡಯಾಪರಿನಿಂದ ಚೀಲ ಒಂದು ಡಿಗ್ರಿಯಷ್ಟು ಬಿಸಿಯಾಗುತ್ತದೆ ಎಂದು 2000ದಲ್ಲಿ ಜರ್ಮನಿಯ ಕೀಲ್ ನಗರದವರು ತೋರಿಸಿದರು. ಅದರಿಂದ ಮುಂದೆ ಮಕ್ಕಳಾಗುವುದಿಲ್ಲ ಎಂದು ತೋರಿಸಿದವರು ಇಲ್ಲ.

ಜೀವ ಉಳಿಸುವ ಔಷಧವೇ ವೀರ್ಯಾಣುವಿಗೆ ಕಂಟಕವಾಗುವ ಸಂದರ್ಭಗಳು ಬೇರೆ. ಮೈ ಊದಿಕೊಂಡು ಮೂತ್ರದಲ್ಲಿ ಪ್ರೋಟೀನು ಹೋಗುವ ನೆಫ್ರೋಟಿಕ್ ಕಾಯಿಲೆ ಹುಡುಗರಲ್ಲೇ ಹೆಚ್ಚು. ಸ್ಟೀರಾಯ್ಡಿಗೆ ಬಗ್ಗದಿದ್ದರೆ ಕೊಡುವ ಔಷಧಗಳಲ್ಲಿ ಸೈಕ್ಲೋಫಾಸ್ಫಮೈಡ್ ಒಂದು. ಅದನ್ನು ಮಗುವಿನ ತೂಕದ ಕಿಲೋ ಒಂದಕ್ಕೆ ಒಟ್ಟು 168 ಮಿಲಿಗ್ರಾಂ ಮೀರದಂತೆ ಕೊಡುತ್ತಾರೆ. ಮಿತಿ ಹಾಕಿದ್ದೇ ವೃಷಣದ ದೃಷ್ಟಿಯಿಂದ. ಊರಿಂದೂರಿಗೆ, ವೈದ್ಯರಿಂದ ವೈದ್ಯರಿಗೆ ಚೀಟಿಯಿಲ್ಲದೆ ಅಲೆದರೆ ಈ ಒಟ್ಟು ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಥಲಸ್ಸೇಮಿಯಾದ ಮಕ್ಕಳಿಗೆ ಪದೇ ಪದೇ ರಕ್ತ ಹಾಕಿ ಕಬ್ಬಿಣ ಮೆದುಳಿನ ಪಿಟ್ಯುಟರಿ ಗ್ರಂಥಿಯಲ್ಲಿ ಕೂರುತ್ತದೆ, ಪ್ರೌಢಾವಸ್ಥೆಯೇ ತಡೆಯುತ್ತದೆ. ಕಬ್ಬಿಣ ತೆಗೆಯುವ ಮಾತ್ರೆ ತಪ್ಪಿಸದಿರುವುದೇ ಅದಕ್ಕೆ ಮದ್ದು. ಕ್ಯಾನ್ಸರಿನಲ್ಲಿ ಔಷಧದ ಬಗೆ, ಪ್ರಮಾಣ, ವಿಕಿರಣ ಎಲ್ಲಿಗೆ ಬಿತ್ತು ಎಂಬುದರ ಮೇಲೆ ಎಲ್ಲ ನಿಂತಿದೆ. ರಕ್ತದ ಕ್ಯಾನ್ಸರಿನ ಸಾಮಾನ್ಯ ಚಿಕಿತ್ಸೆ ಮುಗಿಸಿದ ಬಹಳ ಹುಡುಗರು ಮುಂದೆ ತಂದೆಯರಾಗಿದ್ದಾರೆ. ಅಸ್ಥಿಮಜ್ಜೆ ಕಸಿಗೆ ಮುಂಚೆ ಕೊಡುವ ತೀವ್ರ ಔಷಧದಲ್ಲಿ ಆ ಭರವಸೆ ಕಡಿಮೆ.

ಹದಿಮೂರು ಹದಿನಾಲ್ಕು ದಾಟಿದ ಹುಡುಗನಾದರೆ ಕೀಮೋ ಶುರುಮಾಡುವ ಮುನ್ನ ವೀರ್ಯ ತೆಗೆದಿಡಬಹುದು. ಒಂದೆರಡು ದಿನದ ಕೆಲಸ. ಆ ಗಡಿಬಿಡಿಯಲ್ಲಿ ಅಪ್ಪನೂ ವೈದ್ಯರೂ ಹುಡುಗನೆದುರು ಈ ಮಾತೆತ್ತಲು ನಾಚುತ್ತಾರೆ. ಎಂಟು ವರ್ಷದ ಹುಡುಗನಿಗೆ ಆ ದಾರಿಯಿಲ್ಲ, ಅವನಲ್ಲಿ ವೀರ್ಯಾಣು ಇನ್ನೂ ಹುಟ್ಟಿಲ್ಲ. ಅವನ ವೃಷಣದ ಒಂದು ಚೂರನ್ನು ತೆಗೆದು ಘನೀಕರಿಸಿಡುವ ಪ್ರಯತ್ನ ನಡೆಯುತ್ತಿದೆ. ಭಾರತದಲ್ಲಿ ಈ ದಿಕ್ಕಿನ ಸಂಶೋಧನೆ ನಡೆದ ಕೆಲವೇ ಕಡೆಗಳಲ್ಲಿ ಒಂದು, ತೀರ್ಥಹಳ್ಳಿಯವರು ಆಗುಂಬೆ ಘಾಟಿಯಿಳಿದು ಹೋಗುವ ಮಣಿಪಾಲ; ಅಲ್ಲಿಯ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಭ್ರೂಣವಿಜ್ಞಾನಿ ಸತೀಶ್ ಅಡಿಗ ಮತ್ತು ಅವರ ಸಹೋದ್ಯೋಗಿಗಳು ಇದರಲ್ಲಿ ತೊಡಗಿದವರು. ಇಂಥ ಅಂಗಾಂಶವನ್ನು ಎಳೆಯ ಕೋತಿಯಿಂದ ತೆಗೆದು, ಘನೀಕರಿಸಿ, ಅದಕ್ಕೇ ಮತ್ತೆ ಕಸಿ ಮಾಡಿ ಪಡೆದ ವೀರ್ಯಾಣುವಿನಿಂದ ಮರಿಯೊಂದು ಹುಟ್ಟಿದ್ದು 2019ರಲ್ಲಿ ವರದಿಯಾಯಿತು. ಮನುಷ್ಯರಲ್ಲಿ ಬ್ರಸೆಲ್ಸ್‌ನ ವೈದ್ಯರು, ಬಾಲ್ಯದಲ್ಲಿ ಕೂಡಿಟ್ಟಿದ್ದ ಚೂರನ್ನು 2025ರಲ್ಲಿ ಅದೇ ವ್ಯಕ್ತಿಗೆ ಕಸಿ ಮಾಡಿದರು. ಇನ್ನೂ ಪ್ರಯೋಗದ ಹಂತ. ಹಣ ಸುರಿದು ಭರವಸೆ ಕೊಳ್ಳುವ ಹಂತವಲ್ಲ.

ಕೊನೆಗೆ ಹೈಸ್ಕೂಲಿನ ಹುಡುಗರು. ಹದಿನಾಲ್ಕು ತುಂಬಿದರೂ ಪ್ರೌಢತೆಯ ಯಾವ ಗುರುತೂ ಇಲ್ಲದವರಲ್ಲಿ ಹೆಚ್ಚಿನವರು ತಡವಾಗಿ ಅರಳುವವರು, ಅಪ್ಪನೂ ಹಾಗೇ ಇದ್ದಿರುತ್ತಾನೆ. ಆದರೆ ಅವರ ನಡುವೆ ಕಾಲ್ಮನ್ ಸಿಂಡ್ರೋಮಿನ ಒಬ್ಬನಿರಬಹುದು. ಅವನ ಗುರುತು ಸುಲಭ: ವಾಸನೆ ತಿಳಿಯುವುದಿಲ್ಲ. ಸಂಪಿಗೆ ಮುಡಿದವರು ಹತ್ತಿರ ಬಂದರೂ, ಒಗ್ಗರಣೆ ಸೀದರೂ ಅವನಿಗೆ ಗೊತ್ತಾಗದು. ಮೆದುಳಿನಿಂದ ಬರಬೇಕಾದ ಹಾರ್ಮೋನು ಬರುತ್ತಿಲ್ಲ, ವೃಷಣ ಸ್ವತಃ ಸರಿಯಿದೆ. ಆ ಹಾರ್ಮೋನನ್ನು ಚುಚ್ಚುಮದ್ದಿನಲ್ಲಿ ಕೊಟ್ಟರೆ ಬಹಳ ಮಂದಿಯಲ್ಲಿ ವೀರ್ಯಾಣು ಹುಟ್ಟುತ್ತದೆ. ಗಂಡಸರ ಬಂಜೆತನದಲ್ಲಿ ಔಷಧದಿಂದಲೇ ಗುಣವಾಗುವ ಬೆರಳೆಣಿಕೆಯ ಕಾರಣಗಳಲ್ಲಿ ಇದೊಂದು. ಇದಕ್ಕಿಂತ ಸಾಮಾನ್ಯವಾದದ್ದು, ಒಂದು ಎಕ್ಸ್ ವರ್ಣತಂತು ಹೆಚ್ಚಿರುವ ಕ್ಲೈನ್‌ಫೆಲ್ಟರ್, ಸುಮಾರು 600 ಹುಡುಗರಲ್ಲಿ ಒಬ್ಬನಿಗೆ. ಎತ್ತರದ ಮೈಕಟ್ಟು, ಮಾತು–ಓದಿನಲ್ಲಿ ತುಸು ಹಿಂದು, ಪ್ರೌಢಾವಸ್ಥೆ ಬಂದರೂ ಬೆಳೆಯದ ಪುಟ್ಟ ವೃಷಣ. ಹೆಚ್ಚಿನವರಿಗೆ ತಮಗೆ ಇದಿದೆಯೆಂದು ಗೊತ್ತಾಗುವುದೇ ಮದುವೆಯಾದ ಮೇಲೆ, ಮೊದಲು ಹೇಳಿದ ಆ ತಜ್ಞರ ಕೋಣೆಯಲ್ಲಿ. ಸೂಕ್ಷ್ಮದರ್ಶಕದಡಿ ವೃಷಣದಲ್ಲಿ ಹುಡುಕಿ ವೀರ್ಯಾಣು ತೆಗೆಯುವ ಶಸ್ತ್ರಚಿಕಿತ್ಸೆಯಿಂದ ಅವರಲ್ಲೂ ಹಲವರು ತಂದೆಯರಾಗಿದ್ದಾರೆ.

ಮರೆಮಾಚುವ ಅಭ್ಯಾಸ ಇವೆಲ್ಲವನ್ನೂ ತೊಡಕಾಗಿಸಿದೆ. ಅಡಿಕೆ ತೋಟದ ಗಂಡಿಗೆ ಹೆಣ್ಣು ಸಿಗುವುದೇ ಕಷ್ಟವಾದ ಈ ಹೊತ್ತಿನಲ್ಲಿ, ನಾಲ್ಕನೇ ವಯಸ್ಸಿನಲ್ಲಿ ಆದ ಆಪರೇಷನ್ ಕಾಗದವನ್ನು ಅಟ್ಟದ ಪೆಟ್ಟಿಗೆಗೆ ಹಾಕುವ, ಕೆಲವೊಮ್ಮೆ ಸುಟ್ಟೇಬಿಡುವ ಮನೆಗಳಿವೆ. ಹುಡುಗನಿಗೇ ಹೇಳದೆ ಬೆಳೆಸಿದವರಿದ್ದಾರೆ. ಹದಿನೆಂಟು ತುಂಬಿದವನಿಗೆ ಅವನ ದೇಹದ ಚರಿತ್ರೆ ಗೊತ್ತಿದ್ದರೆ ಒಂದು ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಬಹುದು, ಇಳಿಯದ ವೃಷಣವಿದ್ದವನು ತಿಂಗಳಿಗೊಮ್ಮೆ ಸ್ನಾನದಲ್ಲಿ ತಾನೇ ಮುಟ್ಟಿ ಗಂಟು ಕಂಡರೆ ತೋರಿಸಬಹುದು. ಬಸುರಿಯಾದಾಗ ಕೊಡುವ ತಾಯಿ ಕಾರ್ಡಿನಲ್ಲಿ ಲಸಿಕೆಗಳ ಕೆಳಗೆ ಇನ್ನು ನಾಲ್ಕು ಸಾಲಿಗೆ ಜಾಗವಿದೆ: ಆರನೇ ತಿಂಗಳಿಗೆ ಎರಡೂ ಕೆಳಗಿವೆಯೇ, ಆಪರೇಷನ್ ಆದರೆ ಯಾವ ಬದಿ, ಎಷ್ಟು ತಿಂಗಳಿಗೆ, ದೊಡ್ಡ ಔಷಧ ಕೊಟ್ಟಿದ್ದರೆ ಒಟ್ಟು ಎಷ್ಟು. ಮೊದಲ ಸಾಲನ್ನು ತುಂಬಲು ಆಶಾ ಕಾರ್ಯಕರ್ತೆಗೆ ಅರ್ಧ ನಿಮಿಷ ಸಾಕು, ಮಗುವಿಗೆ ನೀರು ಹಾಕುವ ಹೊತ್ತಿಗೆ ಹೋದರೆ ಇನ್ನೂ ಕಡಿಮೆ.